ಕೈ ಫೈಲಾ, ಮಷೀನಾ? ರೂಟ್ ಕೆನಾಲ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ರೂಟ್ ಕೆನಾಲ್‌ನದೇ ಜಾಸ್ತಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆಯಿಂದ ಬಂದಿವೆ. ಕೈಯಿಂದ ಮಾಡೋದು ಒಳ್ಳೆಯದಾ, ಮಷೀನಿನಿಂದ ಮಾಡೋದಾ ಅಂತ ಸುಮಾರು ಜನ ಕೇಳಿದ್ದೀರಿ. ಹಾಗಾಗಿ ಈ ಸಂಚಿಕೆಯ ಜಾಗ ಪೂರ್ತಿ ಅದಕ್ಕೇ.

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ಕೆಳಗಿನ ಬಲಗಡೆ ದವಡೆ ಹಲ್ಲು ಹುಳುಕಾಗಿ ರಾತ್ರಿ ನಿದ್ದೆ ಇಲ್ಲ. ನಮ್ಮೂರ ಡಾಕ್ಟರು ಕೈಯಿಂದಲೇ ಮಾಡ್ತೀನಿ, ಮೂರು ಸಲ ಬರಬೇಕು ಅಂದರು. ಕಲಬುರಗಿಯಲ್ಲಿ ಇನ್ನೊಬ್ಬರು ರೋಟರಿ ಮಷೀನ್ ಇದೆ, ಬೇಗ ಮುಗಿಯುತ್ತೆ ಅಂದರು, ಆದರೆ ರೇಟು ಜಾಸ್ತಿ. ಕೈಯಿಂದ ಮಾಡಿಸಿದರೆ ಮುಂದೆ ತೊಂದರೆ ಆಗುತ್ತಾ? ಮನೆಯಲ್ಲಿ ಹಿರಿಯರು ಸುಮ್ನೆ ಕೀಳಿಸಿಬಿಡು ಅಂತಿದ್ದಾರೆ. (ಜೇವರ್ಗಿ ತಾಲ್ಲೂಕಿನ ರೈತರು)

ಉತ್ತರ: ಮೊದಲು ಹಿರಿಯರ ಮಾತಿಗೆ ಉತ್ತರ ಹೇಳಿಬಿಡ್ತೀನಿ. ಉಳಿಯೋ ಹಲ್ಲನ್ನು ಕೀಳಿಸಬೇಡಿ. ದವಡೆ ಹಲ್ಲು ಹೋದರೆ ಅಕ್ಕಪಕ್ಕದ ಹಲ್ಲು ಆ ಖಾಲಿ ಜಾಗಕ್ಕೆ ವಾಲುತ್ತವೆ, ಮೇಲಿನ ಹಲ್ಲು ಕೆಳಗೆ ಇಳಿಯುತ್ತೆ, ಅಗಿಯೋದೆಲ್ಲ ಒಂದೇ ಕಡೆ ಬೀಳುತ್ತೆ.

ಈಗ ನಿಮ್ಮ ಪ್ರಶ್ನೆ. ಹಲ್ಲಿನ ಬೇರಿನೊಳಗೆ ಸಣ್ಣ ಕಾಲುವೆಗಳಿರುತ್ತವೆ, ಅದರಲ್ಲೇ ನರ ಮತ್ತು ರಕ್ತನಾಳ ಇರೋದು. ಕೆಳಗಿನ ಮೊದಲನೇ ದವಡೆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಮೂರು ಕಾಲುವೆ, ಕೆಲವರಿಗೆ ನಾಲ್ಕು. ಹುಳುಕು ಅಲ್ಲಿವರೆಗೂ ಇಳಿದಾಗ ಡಾಕ್ಟರು ಮೂರು ಕೆಲಸ ಮಾಡಬೇಕು: ಕಾಲುವೆಯನ್ನು ಕೆರೆದು ಅಗಲ ಮಾಡಬೇಕು, ಔಷಧದ ನೀರಿನಿಂದ ತೊಳೆಯಬೇಕು, ಆಮೇಲೆ ಗಾಳಿ ಹೋಗದಂತೆ ತುಂಬಬೇಕು. ಕೈನಾ ಮಷೀನಾ ಅನ್ನೋ ಚರ್ಚೆ ಬರೋದು ಬರೀ ಮೊದಲನೇ ಕೆಲಸಕ್ಕೆ. ಉಳಿದ ಎರಡು ಕೆಲಸ ಕೆಟ್ಟರೆ ಎಷ್ಟೇ ದುಬಾರಿ ಮಷೀನ್ ಇದ್ದರೂ ಹಲ್ಲು ಉಳಿಯೋದು ಕಷ್ಟ.

ಕೈ ಫೈಲ್ ಅಂದರೆ ಸೂಜಿಯಂಥ ಸ್ಟೀಲ್ ಕಡ್ಡಿ, ಮೈತುಂಬ ಸುರುಳಿ ಹಲ್ಲು, ಮೇಲೆ ಬಣ್ಣದ ಪ್ಲಾಸ್ಟಿಕ್ ಹಿಡಿ. ಬಣ್ಣ ನೋಡಿದರೆ ಅಳತೆ ಗೊತ್ತಾಗುತ್ತೆ. ನೇರಳೆ ಹಿಡಿ ಇದ್ದರೆ 10ನೇ ನಂಬರು, ತುದಿಯ ದಪ್ಪ 0.10 ಮಿ.ಮೀ. ಬಿಳಿ 15, ಹಳದಿ 20, ಕೆಂಪು 25. ಡಾಕ್ಟರು ಎರಡು ಬೆರಳಲ್ಲಿ ಹಿಡಿದು ಸ್ವಲ್ಪ ತಿರುಗಿಸಿ ಎಳೀತಾರೆ, ಹೊರಗೆ ತೆಗೆದು ಒರೆಸ್ತಾರೆ, ತೊಳೀತಾರೆ, ಮುಂದಿನ ನಂಬರು ತಗೋತಾರೆ. ಟೈಮ್ ಹಿಡಿಯುತ್ತೆ, ಡಾಕ್ಟರ ಬೆರಳೂ ನೋಯುತ್ತೆ. ಆದರೆ ಕಾಲುವೆ ಎಲ್ಲಿ ಬಾಗಿದೆ, ಎಲ್ಲಿ ಅಡ್ಡ ಸಿಗ್ತಿದೆ ಅನ್ನೋದು ಆ ಬೆರಳಿಗೇ ತಿಳಿಯುತ್ತೆ.

ತೊಂದರೆ ಇರೋದು ಸ್ಟೀಲಿನ ಬಿಗಿಯಲ್ಲಿ. ಬಾಗಿದ ಪೈಪಿನೊಳಗೆ ಗಟ್ಟಿ ತಂತಿ ತೂರಿಸಿದರೆ ಅದು ನೆಟ್ಟಗಾಗೋಕೇ ನೋಡುತ್ತಲ್ಲ, ದಪ್ಪ ಸ್ಟೀಲ್ ಫೈಲೂ ಹಾಗೇ. ಬಾಗಿದ ಬೇರಿನಲ್ಲಿ ಅದು ತುದಿಯ ಹತ್ತಿರ ಹೊರಗೋಡೆಯನ್ನು ಜಾಸ್ತಿ ಕೆರೆಯುತ್ತೆ, ನಡುವೆ ಒಳಗೋಡೆಯನ್ನು. ಕಾಲುವೆಯ ದಾರಿಯೇ ತಪ್ಪಬಹುದು. ಮಷೀನಿನ ಫೈಲು ನಿಕ್ಕಲ್ ಟೈಟೇನಿಯಂ ಅನ್ನೋ ಮಿಶ್ರ ಲೋಹದ್ದು, ಬಾಗಿಸಿ ಬಿಟ್ಟರೆ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತೆ. ಅದಕ್ಕೇ ಬಾಗಿದ ಕಾಲುವೆಯೊಳಗೆ ಸುತ್ತುತ್ತಾ ಹೋದರೂ ದಾರಿ ಬಿಡೋದು ಕಡಿಮೆ, ಕೆಲಸವೂ ಬೇಗ. ಈ ಎರಡು ವಿಷಯದಲ್ಲಿ ಮಷೀನೇ ಮೇಲು, ಅದರಲ್ಲಿ ಅನುಮಾನ ಇಲ್ಲ. ರೇಟು ಜಾಸ್ತಿ ಯಾಕೆ ಅಂದರೆ ಮೋಟಾರಿಗೆ ಹಣ, ಅದಕ್ಕಿಂತ ಮುಖ್ಯವಾಗಿ ಆ ಫೈಲುಗಳಿಗೆ. ಅವುಗಳ ಆಯಸ್ಸು ಕಡಿಮೆ, ಸ್ವಲ್ಪ ಬಳಸಿದ ಮೇಲೆ ಎಸೆಯಲೇಬೇಕು.

ಸ್ವಚ್ಛ ಆಗೋದು ಬೇರೆ ಮಾತು. 2001ರಲ್ಲಿ ಜ್ಯೂರಿಕ್‌ನಲ್ಲಿ ಪೀಟರ್ಸ್ ಮತ್ತು ಜೊತೆಗಾರರು ಮೇಲಿನ ದವಡೆ ಹಲ್ಲುಗಳನ್ನು ಕೈ ಫೈಲಿನಿಂದಲೂ ಮಷೀನ್ ಫೈಲಿನಿಂದಲೂ ಕೆರೆದು, ಮೈಕ್ರೋ ಸಿಟಿ ಅನ್ನೋ ಸೂಕ್ಷ್ಮ ಎಕ್ಸ್‌ರೇ ಸ್ಕ್ಯಾನಿನಲ್ಲಿ ನೋಡಿದರು. ಯಾವುದರಿಂದ ಕೆರೆದರೂ ಕಾಲುವೆಯ ಗೋಡೆಯಲ್ಲಿ ಶೇ. 35ರಷ್ಟು ಅಥವಾ ಅದಕ್ಕಿಂತ ಜಾಸ್ತಿ ಜಾಗಕ್ಕೆ ಫೈಲು ಮುಟ್ಟಿರಲೇ ಇಲ್ಲ. ಆ ಮುಟ್ಟದ ಜಾಗದ ಕ್ರಿಮಿಯನ್ನು ಕೊಲ್ಲೋದು ತೊಳೆಯೋ ನೀರು, ಅಂದರೆ ಸೋಡಿಯಂ ಹೈಪೋಕ್ಲೋರೈಟ್. ಬಾಯಿ ತೆರೆದು ಮಲಗಿದಾಗ ಬ್ಲೀಚಿಂಗ್ ಪೌಡರ್ ಥರ ವಾಸನೆ ಬರುತ್ತಲ್ಲ, ಅದೇ. ಫೈಲು ಆ ನೀರಿಗೆ ಕೆಳಗೆ ಇಳಿಯೋಕೆ ದಾರಿ ಮಾಡಿಕೊಡುತ್ತೆ.

ಆದ್ದರಿಂದ ನಿಮ್ಮೂರ ಡಾಕ್ಟರನ್ನೇ ಮತ್ತೊಂದು ಸಲ ಕೇಳಿ. ಸರ್, ರಬ್ಬರ್ ಡ್ಯಾಮ್ ಹಾಕ್ತೀರಾ? ಬೇರಿನ ಉದ್ದ ಎಕ್ಸ್‌ರೇಯಲ್ಲಿ ಅಥವಾ ಅಪೆಕ್ಸ್ ಲೊಕೇಟರಿನಲ್ಲಿ ಅಳೀತೀರಾ? ಯಾವುದರಿಂದ ತೊಳೀತೀರಾ? ಹೀಗೆ ಕೇಳಿದರೆ ಒಳ್ಳೆ ಡಾಕ್ಟರಿಗೆ ಬೇಜಾರಾಗಲ್ಲ. ರಬ್ಬರ್ ಡ್ಯಾಮ್ ಅಂದರೆ ಆ ಹಲ್ಲೊಂದನ್ನೇ ಹೊರಗೆ ಬಿಟ್ಟು ಉಳಿದ ಬಾಯಿ ಮುಚ್ಚೋ ರಬ್ಬರ್ ಹಾಳೆ. ಎಂಜಲು ಒಳಗೆ ಹೋಗಲ್ಲ, ಫೈಲು ಜಾರಿ ಗಂಟಲಿಗೆ ಬೀಳಲ್ಲ, ಆ ಖಾರದ ನೀರು ನಾಲಿಗೆಗೆ ತಾಗಲ್ಲ. ಇಷ್ಟನ್ನು ಶ್ರದ್ಧೆಯಿಂದ ಮಾಡೋ ಡಾಕ್ಟರು ಇದ್ದರೆ ಕೈಯಿಂದಲೇ ಧೈರ್ಯವಾಗಿ ಮಾಡಿಸಿ. ಎಕ್ಸ್‌ರೇಯಲ್ಲಿ ಬೇರು ತುಂಬಾ ಬಾಗಿದೆ ಅಂತ ಅವರೇ ಹೇಳಿದರೆ ಮಾತ್ರ ಮಷೀನ್ ಇರೋ ಕಡೆ ಹೋಗಿ. ಖರ್ಚಿನದೇ ಚಿಂತೆ ಅಂದರೆ ಕಲಬುರಗಿಯ ಎಚ್‌ಕೆಇ ಸಂಸ್ಥೆಯ ನಿಜಲಿಂಗಪ್ಪ ಡೆಂಟಲ್ ಕಾಲೇಜಿನಂಥ ಕಡೆ ಇದಕ್ಕೇ ಬೇರೆ ವಿಭಾಗ ಇರುತ್ತೆ. ಪ್ರೊಫೆಸರ್‌ಗಳ ಕಣ್ಣೆದುರು ವಿದ್ಯಾರ್ಥಿಗಳು ಮಾಡ್ತಾರೆ, ಸಾಮಾನ್ಯವಾಗಿ ಖಾಸಗಿ ಕ್ಲಿನಿಕ್‌ಗಿಂತ ಖರ್ಚು ಕಡಿಮೆ, ಟೈಮ್ ಮಾತ್ರ ಜಾಸ್ತಿ ಬೇಕು.

ಇನ್ನೊಂದು ಮಾತು. ಮೆಡಿಕಲ್ ಶಾಪಿನಲ್ಲಿ ಗುಳಿಗೆ ತಗೊಂಡು ದಿನ ದೂಡಬೇಡಿ, ತಂಬಾಕು ಒತ್ತಿಟ್ಟುಕೊಳ್ಳಬೇಡಿ. ಸತ್ತ ನರದೊಳಗೆ ರಕ್ತ ಓಡಲ್ಲ, ಹಾಗಾಗಿ ಗುಳಿಗೆಯ ಔಷಧ ಅಲ್ಲಿಗೆ ತಲುಪೋದೇ ಇಲ್ಲ.

ಪ್ರಶ್ನೆ: ಸರ್, ನಾನು ಬೀದರ್‌ನಲ್ಲಿ ಬಿಡಿಎಸ್ ಇಂಟರ್ನ್. ನಾವು ಕಿತ್ತ ಹಲ್ಲಿನ ಮೇಲೆ ಕೈ ಫೈಲಿನಿಂದ ಸ್ಟೆಪ್ ಬ್ಯಾಕ್ (ತುದಿಯಿಂದ ಮೇಲಕ್ಕೆ ಹಂತ ಹಂತವಾಗಿ ಅಗಲ ಮಾಡೋದು) ಮಾಡಿ ಮಾಡಿ ಕಲಿತೆವು. ಹೊರಗೆ ಕ್ಲಿನಿಕ್‌ಗಳಲ್ಲಿ ನೋಡಿದರೆ ಎಲ್ಲರೂ ರೋಟರಿ. ಕಲಿತದ್ದು ವ್ಯರ್ಥ ಆಯಿತಾ? ಮತ್ತೆ ಬಾಗಿದ ಮೀಸಿಯಲ್ (ಮುಂಭಾಗದ ಬೇರಿನ) ಕಾಲುವೆಯಲ್ಲಿ ನನಗೆ ಪದೇ ಪದೇ ಲೆಡ್ಜ್ (ಗೋಡೆಯಲ್ಲಿ ಮೆಟ್ಟಿಲಿನಂಥ ಅಡ್ಡ) ಆಗುತ್ತೆ, ಯಾಕೆ? (ಬೀದರ್‌ನ ವಿದ್ಯಾರ್ಥಿನಿ)

ಉತ್ತರ: ನೋಡಮ್ಮ, ವ್ಯರ್ಥ ಅನ್ನೋ ಮಾತೇ ಬೇಡ. ಮಷೀನ್ ಫೈಲು ತಾನಾಗಿ ದಾರಿ ಹುಡುಕಲ್ಲ. ಮೊದಲು 10, ಆಮೇಲೆ 15ನೇ ಕೈ ಫೈಲು ತುದಿವರೆಗೆ ಸಲೀಸಾಗಿ ಇಳಿಯಬೇಕು. ಇದೇ ಗ್ಲೈಡ್ ಪಾಥ್. ಇದನ್ನು ಬಿಟ್ಟು ನೇರ ರೋಟರಿ ಹಾಕಿದರೆ ತುದಿ ಎಲ್ಲೋ ಸಿಕ್ಕಿಕೊಂಡು ಮೇಲಿನ ಭಾಗ ತಿರುಗ್ತಲೇ ಇರುತ್ತೆ, ಫೈಲು ಮುರಿಯುತ್ತೆ. ಬೆರಳಿಗೆ ಅಭ್ಯಾಸ ಇಲ್ಲದವರ ಕೈಯಲ್ಲಿ ಮಷೀನ್ ಕೊಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಲೆಡ್ಜ್ ಆಗೋಕೆ ಸಾಮಾನ್ಯವಾಗಿ ಕಾರಣ ಇವೇ: ಮೇಲಿನ ಬಾಗಿಲು ಸರಿಯಾಗಿ ತೆರೆದಿಲ್ಲ, ಫೈಲನ್ನು ಮೊದಲೇ ಬಗ್ಗಿಸಿಕೊಂಡಿಲ್ಲ, ಅಥವಾ ಒಂದು ನಂಬರು ಸಡಿಲ ಆಗೋ ಮೊದಲೇ ಮುಂದಿನದಕ್ಕೆ ಹಾರಿದ್ದೀರಿ. ಪ್ರತಿ ದೊಡ್ಡ ಫೈಲಾದ ಮೇಲೆ ಮತ್ತೆ 10ನೇ ನಂಬರಿನಲ್ಲಿ ತುದಿವರೆಗೆ ಹೋಗಿ ಬನ್ನಿ, ತೊಳೆಯಿರಿ. ಪುಡಿ ತುದಿಯಲ್ಲಿ ಗಟ್ಟಿಯಾಗಿ ಕೂತರೆ ಫೈಲು ಅದನ್ನು ಗೋಡೆ ಅಂದುಕೊಂಡು ಪಕ್ಕಕ್ಕೆ ಕೊರೆಯುತ್ತೆ. ಈಗಾಗಲೇ ಲೆಡ್ಜ್ ಆಗಿದ್ದರೆ 8 ಅಥವಾ 10ನೇ ಫೈಲಿನ ಕೊನೆಯ ಒಂದೆರಡು ಮಿ.ಮೀ. ಮಾತ್ರ ಚೂಪಾಗಿ ಬಗ್ಗಿಸಿ, ಗೋಡೆಗೆ ಸವರಿಕೊಂಡು ಸುತ್ತ ಹುಡುಕಿ. ಸಿಕ್ಕಾಗ ಹೊರಗೆ ಎಳೆಯಬೇಡಿ, ಅಲ್ಲೇ ಸಣ್ಣದಾಗಿ ಮೇಲೆ ಕೆಳಗೆ ಆಡಿಸಿ.

ಸ್ಟೆಪ್ ಬ್ಯಾಕ್ ಲೆಕ್ಕ ನಿಮಗೆ ಗೊತ್ತೇ ಇದೆ: ತುದಿಗೆ 25 ಆದರೆ 30 ಒಂದು ಮಿ.ಮೀ. ಮೇಲೆ, 35 ಎರಡು ಮಿ.ಮೀ. ಮೇಲೆ. ಇದರ ದೋಷ ಏನು ಅಂದರೆ ಸೋಂಕು ಜಾಸ್ತಿ ಇರೋ ಮೇಲಿನ ಭಾಗ ತೆಗೆಯೋ ಮೊದಲೇ ತುದಿಗೆ ಹೋಗ್ತೀವಿ, ಕಸ ಕೆಳಗೆ ತಳ್ಳಲ್ಪಡುತ್ತೆ. ಅದಕ್ಕೇ 1980ರಲ್ಲಿ ಕ್ರೌನ್ ಡೌನ್ ಬಂತು. ಮೇಲೆ ಅಗಲ ಮಾಡಿಕೊಂಡು ಕೆಳಗೆ ಇಳಿಯೋ ಪದ್ಧತಿ. ಅದನ್ನು ಕೈಯಿಂದಲೂ ಮಾಡಬಹುದು. ರೋನ್ ಮತ್ತು ಜೊತೆಗಾರರು 1985ರಲ್ಲಿ ಹೇಳಿದ ಬ್ಯಾಲೆನ್ಸ್ಡ್ ಫೋರ್ಸ್ ಅಂತೂ ಕೈ ಪದ್ಧತಿಗಳಲ್ಲಿ ನನಗೆ ತುಂಬಾ ಇಷ್ಟ. ಬಲಕ್ಕೆ ಕಾಲು ಸುತ್ತು ತಿರುಗಿಸಿ ಫೈಲನ್ನು ಹಿಡಿಸಬೇಕು, ಕೆಳಗೆ ಹಗುರಾಗಿ ಒತ್ತಿಕೊಂಡೇ ಎಡಕ್ಕೆ ಕನಿಷ್ಠ 120 ಡಿಗ್ರಿ ತಿರುಗಿಸಿ ಕತ್ತರಿಸಬೇಕು, ಮತ್ತೆ ಬಲಕ್ಕೆ ತಿರುಗಿಸಿ ಪುಡಿ ಎತ್ತಿಕೊಂಡು ಬರಬೇಕು. ಎಡಕ್ಕೆ ತಿರುಗಿಸುವಾಗ ಡೆಂಟಿನ್ (ಹಲ್ಲಿನ ಒಳಪದರ) ಕತ್ತರಿಸೋ ಸಣ್ಣ ಶಬ್ದ ಬೆರಳಿಗೆ ಗೊತ್ತಾಗುತ್ತೆ. ಇದನ್ನು ಚೆನ್ನಾಗಿ ಮಾಡಿದರೆ ಬಾಗಿದ ಕಾಲುವೆಯೂ ಸುಮಾರಾಗಿ ದಾರಿಯಲ್ಲೇ ಉಳಿಯುತ್ತೆ.

ಹಳೇ ಡಾಕ್ಟರುಗಳು ಮಷೀನ್ ಬೇಡ ಅಂತಿದ್ದರು ಅಲ್ವಾ, ಅದಕ್ಕೂ ಕಾರಣ ಇತ್ತು. 1964ರಲ್ಲಿ ಬಂದ ಗೈರೋಮ್ಯಾಟಿಕ್ ಸ್ಟೀಲ್ ಫೈಲನ್ನೇ ಕಾಲು ಸುತ್ತು ಆ ಕಡೆ ಈ ಕಡೆ ತಿರುಗಿಸ್ತಿತ್ತು. ಬಿಗಿ ಲೋಹಕ್ಕೆ ಮೋಟಾರ್ ಕಟ್ಟಿದರೆ ಬಾಗಿದ ಕಾಲುವೆಯ ಗತಿ ಏನಾಗುತ್ತೆ ಊಹಿಸಿ. ದಾರಿ ತೆರೆದದ್ದು 1988ರಲ್ಲಿ. ಹರ್ಮೀತ್ ವಾಲಿಯಾ ಮತ್ತು ಜೊತೆಗಾರರು ವಕ್ರದಂತಕ್ಕೆ ಬಳಸೋ ನಿಕ್ಕಲ್ ಟೈಟೇನಿಯಂ ತಂತಿಯಿಂದ 15ನೇ ನಂಬರಿನ ಫೈಲು ಮಾಡಿ ಪರೀಕ್ಷೆ ಮಾಡಿದರು, ಸ್ಟೀಲಿಗಿಂತ ಎಷ್ಟೋ ಚೆನ್ನಾಗಿ ಬಾಗಿತು. ಆ ಲೋಹ ಬಂದ ಮೇಲೇ ಪೂರ್ತಿ ಸುತ್ತೋ ರೋಟರಿ ಸಾಧ್ಯ ಆಗಿದ್ದು.

ಟೇಪರ್, ಅಂದರೆ ತುದಿಯಿಂದ ಮೇಲಕ್ಕೆ ಫೈಲು ದಪ್ಪ ಆಗೋ ಪ್ರಮಾಣ, ಅದರ ಲೆಕ್ಕ ಒಮ್ಮೆ ಹಾಕಿ ನೋಡಿ, ಮಷೀನಿನ ಲಾಭ ಅಲ್ಲೇ ಕಾಣುತ್ತೆ. ಕೈ ಫೈಲಿನದು ಶೇ. 2. ತುದಿ 0.25 ಇದ್ದರೆ 16 ಮಿ.ಮೀ. ಮೇಲೆ 0.57. ಶೇ. 6ರ ರೋಟರಿ ಫೈಲಾದರೆ ಅದೇ ಜಾಗದಲ್ಲಿ 1.21. ಒಂದೇ ಫೈಲು ಮೇಲಿಂದ ಕೆಳಗೆ ಆಲಿಕೆಯ ಆಕಾರ ಕೊಟ್ಟುಬಿಡುತ್ತೆ, ತೊಳೆಯೋ ಸೂಜಿ ಆಳಕ್ಕೆ ಇಳಿಯುತ್ತೆ, ಕಾಲುವೆಗೆ ತುಂಬೋ ಗಟ್ಟಾಪರ್ಚಾ ಸರಿಯಾಗಿ ಕೂರುತ್ತೆ. ಆದರೆ ಅದೇ ಕಾರಣಕ್ಕೆ ತೆಳು ಬೇರಿನಲ್ಲಿ ಮೇಲ್ಭಾಗದ ಡೆಂಟಿನ್ ಸುಮ್ನೆ ಕಳಕೊಳ್ತೀವಿ. ಎಲ್ಲ ಹಲ್ಲಿಗೂ ದಪ್ಪ ಟೇಪರ್ ಬೇಕಿಲ್ಲ.

ಮಷೀನ್ ಹಿಡಿದಾಗ ವೇಗ ಮತ್ತು ಟಾರ್ಕ್ (ತಿರುಗಿಸೋ ಬಲ) ಫೈಲಿನ ಕಂಪನಿ ಹೇಳಿದಷ್ಟೇ ಇಡಿ. ತುಂಬಾ ಫೈಲುಗಳಿಗೆ ನಿಮಿಷಕ್ಕೆ 300 ಸುತ್ತಿನ ಆಸುಪಾಸು. ಸುತ್ತುತ್ತಿರುವಾಗಲೇ ಒಳಗೆ ಹಾಕಿ, ಸುತ್ತುತ್ತಿರುವಾಗಲೇ ಹೊರಗೆ ತೆಗೆಯಿರಿ, ಒಂದೇ ಜಾಗದಲ್ಲಿ ನಿಲ್ಲಿಸಬೇಡಿ, ಒತ್ತಬೇಡಿ. ಎರಡು ಮೂರು ಸಲ ಮೇಲೆ ಕೆಳಗೆ ಆದ ಮೇಲೆ ಹೊರಗೆ ತಂದು ಒರೆಸಿ, ತೊಳೆಯಿರಿ. 2008ರಲ್ಲಿ ಯಾರೆಡ್ ಒಂದೇ ಫೈಲನ್ನು ಹಿಂದೆ ಮುಂದೆ ತಿರುಗಿಸಿ ಮುಗಿಸೋ ದಾರಿ ತೋರಿಸಿದ ಮೇಲೆ ರೆಸಿಪ್ರೋಕ್, ವೇವ್‌ಒನ್ ಅನ್ನೋ ಫೈಲುಗಳು ಬಂದವು. ರೆಸಿಪ್ರೋಕ್ ಎಡಕ್ಕೆ 150 ಡಿಗ್ರಿ, ಬಲಕ್ಕೆ 30, ಹಾಗಾಗಿ ಮೂರು ಸಲಕ್ಕೆ ಒಂದು ಪೂರ್ತಿ ಸುತ್ತು. ಆಲೋಚನೆ ನೋಡಿದರೆ ಬ್ಯಾಲೆನ್ಸ್ಡ್ ಫೋರ್ಸಿನ ಮೊಮ್ಮಗು ಇದು. ಕೈಯಲ್ಲಿ ಅದನ್ನು ಕಲಿತವರಿಗೆ ಇದು ಯಾಕೆ ಕೆಲಸ ಮಾಡುತ್ತೆ ಅಂತ ಬೇಗ ಅರ್ಥ ಆಗುತ್ತೆ.

ಪ್ರಶ್ನೆ: ನನ್ನ ಮೇಲಿನ ದವಡೆ ಹಲ್ಲಿಗೆ ಮಷೀನಿನಿಂದ ರೂಟ್ ಕೆನಾಲ್ ಮಾಡಿಸಿ ಎರಡು ವರ್ಷ ಆಯಿತು. ಈಚೆಗೆ ಬೇರೆ ಕಡೆ ಎಕ್ಸ್‌ರೇ ತೆಗೆದಾಗ ಬೇರಿನಲ್ಲಿ ಫೈಲಿನ ತುಂಡು ಇದೆ ಅಂದರು. ಮಾಡಿದ ಡಾಕ್ಟರು ಹೇಳಿರಲೇ ಇಲ್ಲ. ನೋವಿಲ್ಲ, ಆದರೆ ಭಯ. ತುಕ್ಕು ಹಿಡಿದು ಕ್ಯಾನ್ಸರ್ ಆಗುತ್ತಾ? (ಶಹಾಪುರದ ಶಿಕ್ಷಕಿ)

ಉತ್ತರ: ಮೇಡಂ, ತುಕ್ಕಿನ ಮತ್ತು ಕ್ಯಾನ್ಸರ್‌ನ ಭಯ ಬಿಟ್ಟುಬಿಡಿ. ಆ ತುಂಡಿನಿಂದ ಕ್ಯಾನ್ಸರ್ ಬರಲ್ಲ. ನಿಮಗೆ ಹೇಳದೆ ಬಿಟ್ಟದ್ದು ಮಾತ್ರ ತಪ್ಪು, ಅದನ್ನು ನಾನು ಸಮರ್ಥಿಸಲ್ಲ. ಫೈಲು ಮುರಿಯೋದು ಎಚ್ಚರದಿಂದ ಮಾಡೋ ಡಾಕ್ಟರಿಗೂ ಆಗಬಹುದು, ಆದರೆ ರೋಗಿಗೆ ಅವತ್ತೇ ಹೇಳಬೇಕು, ಕೇಸ್ ಪೇಪರಿನಲ್ಲಿ ಬರೆಯಬೇಕು.

ಸ್ಟೀಲ್ ಫೈಲು ಮುರಿಯೋ ಮೊದಲು ಸುರುಳಿ ಬಿಚ್ಚಿಕೊಂಡು, ಹೊಳಪು ಚುಕ್ಕೆ ತೋರಿಸಿ ಸುಳಿವು ಕೊಡುತ್ತೆ. ನಿಕ್ಕಲ್ ಟೈಟೇನಿಯಂ ಹೆಚ್ಚಾಗಿ ಸುಳಿವೇ ಕೊಡಲ್ಲ. ಬಾಗಿದ ಜಾಗದಲ್ಲಿ ಸುತ್ತಿ ಸುತ್ತಿ ಒಳಗೊಳಗೇ ದಣಿದು ತಟ್ಟನೆ ಮುರಿಯುತ್ತೆ. ಮಷೀನಿನ ದೊಡ್ಡ ಕೊರತೆ ಇದೇ, ಅದಕ್ಕೇ ಹಳೇ ಫೈಲನ್ನು ಎಳೆದಾಡಿ ಬಳಸಬಾರದು ಅನ್ನೋದು.

ತುಂಡಿಗಿಂತ ಅದರ ಕೆಳಗೆ ಸೋಂಕು ಉಳಿದಿದೆಯಾ ಅನ್ನೋದು ಮುಖ್ಯ. ಕಾಲುವೆ ಸುಮಾರಾಗಿ ತೊಳೆದಾದ ಮೇಲೆ ಮುರಿದಿದ್ದರೆ ಅದು ತುಂಬಿದ ಸಾಮಾನಿನ ಜೊತೆ ಸುಮ್ನೆ ಕೂತಿರುತ್ತೆ, ವರ್ಷಗಟ್ಟಲೆ ಏನೂ ಆಗದಿರಬಹುದು. ನಿಮಗೆ ನೋವಿಲ್ಲ, ಬಾವಿಲ್ಲ. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು ಇಲ್ಲ ಅಂದರೆ ಕೈ ಹಚ್ಚೋದು ಬೇಡ, ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆಸಿ ಹಳೇದರ ಜೊತೆ ಹೋಲಿಸಿ ನೋಡಿಸಿ. ನೆರಳು ಇದ್ದರೆ ಅಥವಾ ದೊಡ್ಡದಾಗ್ತಿದ್ದರೆ ಎಂಡೋಡಾಂಟಿಕ್ಸ್‌ನಲ್ಲಿ (ರೂಟ್ ಕೆನಾಲ್ ವಿಭಾಗ) ಎಂಡಿಎಸ್ ಮಾಡಿದವರನ್ನು ಕಾಣಿ, ಕಲಬುರಗಿ ಅಥವಾ ರಾಯಚೂರಿನಲ್ಲಿ ಸಿಗ್ತಾರೆ. ಮೈಕ್ರೋಸ್ಕೋಪಿನ ಕೆಳಗೆ ಅಲ್ಟ್ರಾಸಾನಿಕ್ ತುದಿಯಿಂದ ಅಲುಗಾಡಿಸಿ ತೆಗೆಯಬಹುದು, ಇಲ್ಲವೇ ಸಣ್ಣ ಕೈ ಫೈಲಿನಿಂದ ಪಕ್ಕದಲ್ಲಿ ದಾರಿ ಮಾಡಿಕೊಂಡು ತುಂಡನ್ನು ದಾಟಬಹುದು. ಬೇರು ತೆಳು ಆಗೋ ಹಾಗಿದ್ದರೆ ತೆಗೆಯೋ ಹಟ ಬೇಡ ಅಂತ ಅವರೇ ಹೇಳ್ತಾರೆ, ಆ ಮಾತು ಕೇಳಿ.

ಪ್ರಶ್ನೆ: ಮಗನಿಗೆ ಆರು ವರ್ಷ. ಹಾಲುಹಲ್ಲಿಗೂ ಮಷೀನ್ ಹಾಕ್ತಾರಾ? ಬಿದ್ದುಹೋಗೋ ಹಲ್ಲಿಗೆ ಇದೆಲ್ಲ ಬೇಕಾ? (ಹುಮನಾಬಾದ್‌ನ ತಂದೆ)

ಉತ್ತರ: ಬೇಕು ಅಣ್ಣ. ಹಾಲಿನ ದವಡೆ ಹಲ್ಲು ಬೀಳೋದು ಹತ್ತು ಹನ್ನೆರಡು ವರ್ಷದ ಹೊತ್ತಿಗೆ. ಅಲ್ಲಿವರೆಗೆ ಊಟಕ್ಕೂ ಬೇಕು, ಹೊಸ ಹಲ್ಲಿಗೆ ಜಾಗ ಕಾಯೋಕೂ ಬೇಕು. ಮಕ್ಕಳಿಗೆ ಅಂತಲೇ ಗಿಡ್ಡ ರೋಟರಿ ಫೈಲುಗಳಿವೆ. ಇಲ್ಲಿ ಮಷೀನ್ ಪರವೇ ನಾನು, ಯಾಕಂದರೆ ಮಗು ಕುರ್ಚಿಯಲ್ಲಿ ಬಾಯಿ ತೆರೆದು ಕೂರೋದೇ ಸ್ವಲ್ಪ ಹೊತ್ತು. ಬೇರಿನ ಗೋಡೆ ತೆಳುವಾಗಿರುತ್ತೆ, ಕೆಳಗೆ ಹೊಸ ಹಲ್ಲು ಬೆಳೀತಿರುತ್ತೆ, ಹಾಗಾಗಿ ಮಕ್ಕಳ ದಂತವೈದ್ಯರ ಹತ್ತಿರವೇ ಹೋಗಿ. ತುಂಬೋ ಸಾಮಾನೂ ಬೇರೆ, ಬೇರಿನ ಜೊತೆಗೇ ಕರಗಿ ಹೋಗುವಂಥದ್ದು.

ಪ್ರಶ್ನೆ: ಮಷೀನಿನಲ್ಲಿ ಒಂದೇ ಸಲಕ್ಕೆ ಮುಗಿಸಿದರು. ಮೂರನೇ ದಿನ ಇವತ್ತು, ಕಚ್ಚಿದರೆ ನೋವು. ಅವಸರ ಮಾಡಿದರಾ? (ಸೇಡಂ)

ಉತ್ತರ: ಹಾಗೇನಿಲ್ಲ. ಕೈಯಾಗಲಿ ಮಷೀನಾಗಲಿ, ಕೆರೆಯುವಾಗ ಸ್ವಲ್ಪ ಪುಡಿ ಬೇರಿನ ತುದಿಯಿಂದ ಆಚೆ ಹೋಗೇ ಹೋಗುತ್ತೆ, ಅಲ್ಲಿ ಊತ ಬಂದು ಕಚ್ಚಿದಾಗ ನೋಯುತ್ತೆ. ಮೊದಲ ದಿನ ಜಾಸ್ತಿ, ಆಮೇಲೆ ಇಳೀತಾ ಬರಬೇಕು. ಒಂದೇ ಸಲಕ್ಕೆ ಮುಗಿಸಿದ್ದಕ್ಕೂ ಹಲವು ಸಲ ಕರೆದದ್ದಕ್ಕೂ ಕೊನೆಗೆ ಹಲ್ಲು ಉಳಿಯೋದರಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ. ಆದರೆ ನೋವು ದಿನದಿಂದ ದಿನಕ್ಕೆ ಏರ್ತಿದ್ದರೆ, ಮುಖ ಊದಿದರೆ, ಜ್ವರ ಬಂದರೆ, ಬಾಯಿ ತೆರೆಯೋಕೆ ಆಗದಿದ್ದರೆ ಅವತ್ತೇ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ.

ಪ್ರಶ್ನೆ: ಮೊದಲ ಸಲಕ್ಕೇ ನೋವು ಪೂರ್ತಿ ಹೋಯಿತು. ಮತ್ತೆ ಹೋಗಬೇಕಾ? ಕ್ಯಾಪ್ ಕಡ್ಡಾಯನಾ, ಇಲ್ಲ ಹಣಕ್ಕೆ ಹೇಳ್ತಾರಾ? (ಸುರಪುರ)

ಉತ್ತರ: ಹೋಗಲೇಬೇಕು. ನೋವು ಹೋಗಿದ್ದು ನರ ತೆಗೆದದ್ದಕ್ಕೆ, ಸೋಂಕು ಹೋಗಿದ್ದಕ್ಕಲ್ಲ. ಈಗ ಮೇಲೆ ಹಾಕಿರೋದು ತಾತ್ಕಾಲಿಕ ಸಿಮೆಂಟು, ಕೆಲವು ವಾರಗಳಲ್ಲಿ ಸವೆದು ಎಂಜಲು ಒಳಗೆ ಇಳಿಯುತ್ತೆ. ನಮ್ಮ ಕಡೆ ರೂಟ್ ಕೆನಾಲ್ ಮಾಡಿಸಿದ ಹಲ್ಲು ಕೊನೆಗೆ ಕೀಳಬೇಕಾದದ್ದು ಇದೇ ಕಾರಣಕ್ಕೆ ಜಾಸ್ತಿ ನೋಡಿದ್ದೀನಿ. ನೋವು ನಿಂತಿತು, ಬಿತ್ತನೆ ಬಂತು, ಜಾತ್ರೆ ಬಂತು, ಮಗಳ ಮದುವೆ ಬಂತು, ಹಲ್ಲು ಅಲ್ಲೇ ಉಳಿಯಿತು. ಇದು ನನಗೆ ನಿಜವಾಗಲೂ ಸಂಕಟ ಕೊಡೋ ವಿಷಯ.

ದವಡೆ ಹಲ್ಲಿಗೆ ಕ್ಯಾಪ್ ಸಾಮಾನ್ಯವಾಗಿ ಬೇಕೇ ಬೇಕು. ಹುಳುಕು ತೆಗೆದು, ಮೇಲೆ ಬಾಗಿಲು ಕೊರೆದು ಹಲ್ಲಿನ ನಡುಭಾಗ ಖಾಲಿ ಆಗಿರುತ್ತೆ, ಉಳಿದ ಗೋಡೆ ಸೀಳುತ್ತೆ. ಮುಂದಿನ ಹಲ್ಲು ಗಟ್ಟಿಯಾಗಿ ಉಳಿದಿದ್ದರೆ ಬರೀ ಫಿಲ್ಲಿಂಗ್ ಸಾಕಾಗಬಹುದು. ಒಟ್ಟು ಬಜೆಟ್ ಕಡಿಮೆ ಇದ್ದರೆ ಕೈ ಫೈಲಿನಿಂದ ಚೆನ್ನಾಗಿ ಮಾಡಿಸಿ, ಉಳಿದ ಹಣ ಕ್ಯಾಪಿಗೆ ಹಾಕಿ. ಜಿರ್ಕೋನಿಯಾವೇ ಬೇಕು ಅಂತಿಲ್ಲ, ಹಿಂದಿನ ಹಲ್ಲಿಗೆ ಮೆಟಲ್ ಕ್ಯಾಪ್ ಗಟ್ಟಿ, ಅಗ್ಗ. ಕ್ಯಾಪ್ ಕೂರೋವರೆಗೆ ಖಡಕ್ ರೊಟ್ಟಿ, ಹುರಿದ ಶೇಂಗಾ ಆ ಕಡೆಯಿಂದ ಅಗಿಯಬೇಡಿ. ಸಿಮೆಂಟು ಬಿದ್ದರೆ ಮುಂದಿನ ತಾರೀಖು ಕಾಯದೆ ಫೋನ್ ಮಾಡಿ ಹೋಗಿ.